ಕುರ್ಕ್ಯಾಲ ಶಾಸನದ ಮೂರು ಭಾಷೆಗಳು: ಅಣ್ಣಿಗೇರಿಯಿಂದ ಒಂದು ಮರುಓದು

ಧಾರವಾಡ ಜಿಲ್ಲೆಯ ಅಣ್ಣಿಗೇರಿಯನ್ನು ಆದಿಕವಿ ಪಂಪನ ಊರೆಂದು ಗೌರವಿಸುವುದು ವಾಡಿಕೆ. ಆದರೆ ಈ ನಂಟಿಗೆ ಆಧಾರವಾದ ಬರಹ ಅಣ್ಣಿಗೇರಿಯಲ್ಲಿಯೂ ಇಲ್ಲ, ಪಂಪನ ಕಾವ್ಯಗಳಲ್ಲಿಯೂ ಇಲ್ಲ. ಅದು ಇರುವುದು ತೆಲಂಗಾಣದ ಕರೀಂನಗರ ಪ್ರದೇಶದ ಕುರ್ಕ್ಯಾಲದ ಬಳಿ, ಬೊಮ್ಮಲಗುಟ್ಟವೆಂಬ ಬೆಟ್ಟದ ಬಂಡೆಯ ಮೇಲೆ. ಪಂಪನ ತಮ್ಮ ಜಿನವಲ್ಲಭನು ಸುಮಾರು ಕ್ರಿ.ಶ. 945ರಲ್ಲಿ ಅಲ್ಲಿ ಜಿನಬಿಂಬಗಳನ್ನೂ ಚಕ್ರೇಶ್ವರಿಯ ಮೂರ್ತಿಯನ್ನೂ ಕಡೆಯಿಸಿ ಈ ಶಾಸನವನ್ನು ಹಾಕಿಸಿದನು. ತಾಯಿ ಅಬ್ಬಣಬ್ಬೆ ಬೆಳ್ವೊಲನಾಡಿನ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂಬುದೂ, ತಂದೆ ಭೀಮಪಯ್ಯನ ಮನೆತನ ವೆಂಗಿನಾಡಿನದೆಂಬುದೂ ಇಲ್ಲಿಂದ ತಿಳಿದುಬರುತ್ತವೆ.

ಈ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಎಂಬ ಮೂರು ಭಾಷೆಗಳಿವೆ. ಆದರೆ ಅದರ ಅಧ್ಯಯನ ಮೂರು ಪಾಲಾಗಿದೆ. ಕನ್ನಡ ಸಾಹಿತ್ಯ ಚರಿತ್ರೆ ವಂಶಾವಳಿಯನ್ನು ತೆಗೆದುಕೊಂಡು ಪಂಪನ ಜೀವನವನ್ನು ಕಟ್ಟಿತು. ತೆಲುಗು ಸಾಹಿತ್ಯ ಚರಿತ್ರೆ ಕೊನೆಯ ಮೂರು ಕಂದಪದ್ಯಗಳನ್ನು ತೆಗೆದುಕೊಂಡು, ನನ್ನಯನಿಗಿಂತ ಸುಮಾರು ಒಂದು ಶತಮಾನ ಹಿಂದಿನ ತೆಲುಗು ಕಂದಗಳೆಂದು ಅವುಗಳಿಗೆ ಮಹತ್ವ ಕೊಟ್ಟಿತು. ಸಂಸ್ಕೃತ ಭಾಗ ರೂಢಿಯ ಪ್ರಶಸ್ತಿಯೆಂಬಂತೆ ಬದಿಗೆ ಸರಿಯಿತು. ಹೀಗೆ ಮೂರು ಭಾಷೆಗಳಿಗೂ ಚರಿತ್ರೆ ದೊರೆಯಿತು. ಮೂರನ್ನೂ ಒಟ್ಟಿಗೆ ಬಳಸಿದ ಸಮಾಜಕ್ಕೆ ದೊರೆಯಲಿಲ್ಲ. ಭಾಷಾಚರಿತ್ರೆಯ ಘಟಕ ಒಂಟಿ ಭಾಷೆಯಲ್ಲ, ಭಾಷಿಕನ ಸಮಗ್ರ ಭಾಷಾಸಂಪತ್ತು ಎಂಬುದು ಪ್ರಸ್ತುತ ಲೇಖನದ ವಾದ.

ಮೊದಲನೆಯ ಸಾಕ್ಷ್ಯ ಲಿಪಿಯದು. ಮೂರು ಭಾಷೆಗಳನ್ನೂ ಅಂದಿನ ಕನ್ನಡ-ತೆಲುಗು ಲಿಪಿ ಒಂದೇ ಹೊತ್ತಿದೆ. ಇಂದು ಮುದ್ರಿತ ಪುಟದಲ್ಲಿ ಲಿಪಿ ಬದಲಾದೊಡನೆ ಕಣ್ಣಿಗೆ ಕಾಣುವ ಗಡಿ ಆ ಬಂಡೆಯ ಮೇಲೆ ಇರಲಿಲ್ಲ. ಓದುಗನು ಭಾಷಾಂತರವನ್ನು ಗುರುತಿಸಬೇಕಾದದ್ದು ವಿಭಕ್ತಿ, ಕ್ರಿಯಾಪ್ರತ್ಯಯ ಮತ್ತು ಪದಕೋಶಗಳಿಂದ.

ಎರಡನೆಯದು ಛಂದಸ್ಸು. ಕಂದದ ಮೂಲ ಪ್ರಾಕೃತದ ಖಂಧಅ. ವಿಷಮ ಪಾದಗಳಲ್ಲಿ ನಾಲ್ಕು ಮಾತ್ರೆಯ ಮೂರು ಗಣ, ಸಮ ಪಾದಗಳಲ್ಲಿ ಐದು ಗಣ. ಒಟ್ಟು 64 ಮಾತ್ರೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದ ಹೊತ್ತಿಗೆ ಅದು ದ್ವಿತೀಯಾಕ್ಷರ ಪ್ರಾಸ ತೊಟ್ಟು ಕನ್ನಡದ್ದಾಗಿತ್ತು. ಕುರ್ಕ್ಯಾಲದಲ್ಲಿ ಅದೇ ಬಂಧ ತೆಲುಗಿನಲ್ಲಿ ಜಿನವಲ್ಲಭನ ಜಿನಭಕ್ತಿಯನ್ನೂ ಧರ್ಮಕಾರ್ಯಗಳನ್ನೂ ಹೊಗಳುತ್ತದೆ. ಇಂತಹ ಸಂಚಾರವನ್ನು ಒಂದು ಭಾಷೆಯ ಮೇಲೆ ಇನ್ನೊಂದರ ‘ಪ್ರಭಾವ’ ಎಂದು ಕರೆಯುವುದುಂಟು. ಆದರೆ ಪ್ರಭಾವಕ್ಕೆ ಇಬ್ಬರು ಬೇಕು. ಇಲ್ಲಿ ಎರಡೂ ಭಾಷೆಗಳು ಒಂದೇ ಆವರಣದಲ್ಲಿ, ಒಂದೇ ಉದ್ದೇಶಕ್ಕೆ ದುಡಿಯುತ್ತಿವೆ.

ಮೂರನೆಯದು ಪರಿಸರ. ವೇಮುಲವಾಡದ ಚಾಲುಕ್ಯ ಎರಡನೆಯ ಅರಿಕೇಸರಿಯ ಆಶ್ರಯದಲ್ಲಿ ಪಂಪ 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ಕನ್ನಡದಲ್ಲಿ ರಚಿಸಿದ. ಅದೇ ಅರಸುಮನೆತನದ ಆಳ್ವಿಕೆಯಲ್ಲಿ ಸೋಮದೇವಸೂರಿ 959ರಲ್ಲಿ ‘ಯಶಸ್ತಿಲಕ’ವನ್ನು ಸಂಸ್ಕೃತದಲ್ಲಿ ಮುಗಿಸಿದ. ಈ ಎರಡು ಕೃತಿಗಳ ನಡುವಿನ ಕಾಲದಲ್ಲಿ ಜಿನವಲ್ಲಭನ ಬಂಡೆ ಎರಡನ್ನೂ ತೆಲುಗಿನೊಡನೆ ಕೂಡಿಸಿತು. ಈ ಮೂರರಲ್ಲಿ ಯಾವುದನ್ನೂ ‘ಪ್ರಾದೇಶಿಕ’ವೆಂದು ಬೇರ್ಪಡಿಸುವ ಅಗತ್ಯ ಅಂದು ಇದ್ದಂತೆ ತೋರುವುದಿಲ್ಲ.

ಇಲ್ಲಿ ಅಬ್ಬಣಬ್ಬೆಯ ಪ್ರಶ್ನೆ ಮರಳಿ ಬರುತ್ತದೆ. ತಾಯಿ ಅಣ್ಣಿಗೇರಿಯವಳು, ಆದ್ದರಿಂದ ಪಂಪನದು ತಾಯ್ನುಡಿಯ ಕನ್ನಡ ಎಂಬ ತರ್ಕ ಆಕರ್ಷಕವಾದರೂ ದುರ್ಬಲ. ಶಾಸನ ಹೇಳುವುದು ಆಕೆಯ ಮನೆತನದ ಊರನ್ನು, ಆಕೆಯ ಮಾತನ್ನಲ್ಲ. ಅದೇ ತಾಯಿಯ ಇನ್ನೊಬ್ಬ ಮಗ ತನ್ನ ಕೀರ್ತಿಯನ್ನು ಮೂರು ಭಾಷೆಗಳಿಗೆ ಒಪ್ಪಿಸಿದ್ದಾನೆ. ಪಂಪನೂ ತನ್ನ ಕನ್ನಡವನ್ನು ತಾಯಿಯ ಹೆಸರಿನಲ್ಲಿ ಸಮರ್ಥಿಸಿಕೊಳ್ಳುವುದಿಲ್ಲ. ಅಣ್ಣಿಗೇರಿಯ ದಕ್ಷಿಣಕ್ಕಿರುವ ಪುಲಿಗೆರೆಯ, ಅಂದರೆ ಇಂದಿನ ಲಕ್ಷ್ಮೇಶ್ವರದ, ತಿರುಳ್ಗನ್ನಡವನ್ನು ಮಾದರಿಯಾಗಿ ಹೆಸರಿಸುತ್ತಾನೆ. ‘ಕವಿರಾಜಮಾರ್ಗ’ವೂ ಕನ್ನಡದ ತಿರುಳನ್ನು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವೆ ಗುರುತಿಸಿತ್ತು. ವೇಮುಲವಾಡದಲ್ಲಿ ಕುಳಿತು ಪುಲಿಗೆರೆಯ ಕನ್ನಡದಲ್ಲಿ ಬರೆಯುವುದು ಕೇವಲ ಹುಟ್ಟಿನಿಂದ ಬಂದದ್ದಲ್ಲ, ಕಲಿತು ಆಯ್ದುಕೊಂಡದ್ದು.

ಈ ಆಯ್ಕೆಯ ಪರಂಪರೆ ಧಾರವಾಡದಲ್ಲಿ ನಿಂತಿಲ್ಲ. ಮರಾಠಿ ಮನೆಮಾತಿನ ದ.ರಾ. ಬೇಂದ್ರೆ (1896–1981) ಕನ್ನಡದ ವರಕವಿಯಾದರು, ಮರಾಠಿಯಲ್ಲಿಯೂ ಬರೆದರು. ಇಂದಿಗೂ ಜಿಲ್ಲೆಯ ಹಳ್ಳಿಗಳಲ್ಲಿ ಕನ್ನಡದೊಡನೆ ಉರ್ದು, ಮರಾಠಿ, ಲಂಬಾಣಿ ಬಳಕೆಯಲ್ಲಿವೆ. ಜನಗಣತಿಯ ನಮೂನೆ ಒಬ್ಬರಿಗೆ ಒಂದೇ ಮಾತೃಭಾಷೆಯನ್ನು, ಹೆಚ್ಚೆಂದರೆ ಇನ್ನೆರಡು ಭಾಷೆಗಳನ್ನು ಬರೆದುಕೊಳ್ಳುತ್ತದೆ. ಯಾವ ಭಾಷೆ ಯಾವ ಕೆಲಸಕ್ಕೆ ಎಂದು ಕೇಳುವುದಿಲ್ಲ. ಆ ಪ್ರಶ್ನೆಯನ್ನು ಕೇಳುವ ಹೊಣೆ ಭಾಷಾವಿಜ್ಞಾನದ್ದು. ಶಾಸನಗಳನ್ನು ಭಾಷಾವಾರು ಬೇರ್ಪಡಿಸಿ ಪಠ್ಯಸಂಚಯಗಳನ್ನು ಕಟ್ಟುವ ಸಂಶೋಧಕರು ಕುರ್ಕ್ಯಾಲವನ್ನು ಒಂದೇ ಪಠ್ಯವಾಗಿ ದಾಖಲಿಸುವುದು ಅದಕ್ಕೆ ತಕ್ಕ ಆರಂಭವಾದೀತು. ಬಂಡೆಯನ್ನು ಕಡೆಯಿಸಿದವನು ಅದನ್ನು ಮೂರಾಗಿ ಒಡೆದಿರಲಿಲ್ಲ.