ಎಂಬುರೊ: ದನಗಾಹಿಗಳ ನೆಲದಲ್ಲೊಂದು ರಾಷ್ಟ್ರೀಯ ಉದ್ಯಾನ

ಆಫ್ರಿಕಾದ ವನ್ಯಜೀವಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಸೆರೆಂಗೆಟಿಯ ಕೊನೆಯಿಲ್ಲದ ಬಯಲು, ಆನೆಗಳ ಹಿಂಡು, ಘರ್ಜಿಸುವ ಸಿಂಹ. ಉಗಾಂಡದ ನೈಋತ್ಯ ಭಾಗದಲ್ಲಿರುವ ಎಂಬುರೊ ಸರೋವರ ರಾಷ್ಟ್ರೀಯ ಉದ್ಯಾನದಲ್ಲಿ ಅಂತಹ ವೈಭವವಿಲ್ಲ. ವಿಸ್ತೀರ್ಣ ಸುಮಾರು 370 ಚದರ ಕಿಲೋಮೀಟರ್ ಮಾತ್ರ. ಆ ದೇಶದ ಹುಲ್ಲುಗಾವಲು ಉದ್ಯಾನಗಳಲ್ಲಿ ಇದೇ ಚಿಕ್ಕದು. ಆದರೆ ಇಲ್ಲಿನ ಚೆಲುವೇ ಬೇರೆ. ಗುಡ್ಡಗಳ ನಡುವೆ ಚಿಕ್ಕ ಚಿಕ್ಕ ಸರೋವರಗಳು, ದಡದಲ್ಲಿ ಪಪೈರಸ್ ಜೊಂಡು, ನೀರಲ್ಲಿ ಮುಳುಗೇಳುವ ನೀರಾನೆಗಳು, ಬಯಲಲ್ಲಿ ಜೀಬ್ರಾ, ಇಂಪಾಲ ಮತ್ತು ಎಲ್ಯಾಂಡ್ ಜಿಂಕೆಗಳು. ಕಾವಲುಗಾರನ ಜೊತೆ ಇಲ್ಲಿ ನಡೆದೇ ಸುತ್ತಬಹುದು.

ಕಂಪಾಲಾದಿಂದ ಎಂಬರಾರ ಪಟ್ಟಣದತ್ತ ಸಾಗುವ ಪ್ರವಾಸಿಗೆ ಉದ್ಯಾನದ ಬಾಗಿಲಿಗೆ ಮೊದಲೇ ಎದುರಾಗುವುದು ಉದ್ದನೆಯ, ಬಾಗಿದ ಕೊಂಬುಗಳ ಅಂಕೋಲೆ ದನಗಳು. ಈ ಉದ್ಯಾನದ ಕಥೆ ಹೆಚ್ಚಾಗಿ ಆ ದನಗಳದ್ದೇ.

ಇಲ್ಲಿನ ಜನರಲ್ಲಿ ಒಂದು ಐತಿಹ್ಯವಿದೆ. ಕಿಗರಾಮ ಮತ್ತು ಎಂಬುರೊ ಎಂಬ ಅಣ್ಣತಮ್ಮಂದಿರು ಕಣಿವೆಯಲ್ಲಿ ವಾಸವಿದ್ದರು. ಅಪಾಯ ಬರಲಿದೆ ಎಂದು ಕಿಗರಾಮನಿಗೆ ಕನಸು ಬಿತ್ತು. ಆತ ಗುಡ್ಡವೇರಿದ, ಎಂಬುರೊ ಕೇಳಲಿಲ್ಲ. ಕಣಿವೆಗೆ ನೀರು ನುಗ್ಗಿ ಎಂಬುರೊ ಮುಳುಗಿದ. ಸರೋವರಕ್ಕೆ ಅವನ ಹೆಸರು, ಗುಡ್ಡಗಳಿಗೆ ಕಿಗರಾಮನ ಹೆಸರು. ಜನರಿಲ್ಲದ ಕಾಡಿಗೆ ಇಂತಹ ಕಥೆ ಹುಟ್ಟುವುದಿಲ್ಲ.

ಇದು ಅಂಕೋಲೆ ರಾಜ್ಯದ ಮೇವಿನ ನೆಲವಾಗಿತ್ತು. ಇಲ್ಲಿನ ಹುಲ್ಲಿನಲ್ಲಿ ಅಂಕೋಲೆಯ ಅರಸ 'ಮುಗಾಬೆ'ಯ ದನಗಳೂ ಹಿಮಾ ದನಗಾಹಿಗಳ ಮಂದೆಗಳೂ ಮೇಯುತ್ತಿದ್ದವು. 1890ರ ದಶಕದಲ್ಲಿ ಪೂರ್ವ ಆಫ್ರಿಕಾವನ್ನು ವ್ಯಾಪಿಸಿದ ದೊಡ್ಡರೋಗ ಆ ಮಂದೆಗಳನ್ನು ನಾಶ ಮಾಡಿತು. ಮೇಯುವ ಬಾಯಿಗಳು ಕಡಿಮೆಯಾದಾಗ ಹುಲ್ಲು ಪೊದೆಯಾಗುತ್ತದೆ, ಪೊದೆಯಲ್ಲಿ ತ್ಸೆತ್ಸೆ ನೊಣ ಬೆಳೆಯುತ್ತದೆ. ಈ ನೊಣ ಕಚ್ಚಿದರೆ ದನಗಳಿಗೆ ಮಾರಕ ರೋಗ ತಗಲುತ್ತದೆ. ನೊಣವನ್ನು ನಿರ್ಮೂಲ ಮಾಡಲು 1950ರ ದಶಕದ ಕೊನೆಯಿಂದ ಸರಕಾರ ಕಂಡ ಉಪಾಯವೆಂದರೆ ಪೊದೆ ಕಡಿಸುವುದು ಮತ್ತು ನೊಣಕ್ಕೆ ರಕ್ತ ಒದಗಿಸುವ ಕಾಡುಪ್ರಾಣಿಗಳನ್ನು ಗುಂಡಿಟ್ಟು ಕೊಲ್ಲುವುದು! ವಿದೇಶಿ ನೆರವಿನ ಯೋಜನೆಯೊಂದು 1960ರ ದಶಕದಲ್ಲಿ ಬಯಲನ್ನು ದೊಡ್ಡ ರಾಂಚುಗಳಾಗಿ ಹಂಚಿತು. ಸಣ್ಣ ದನಗಾಹಿಗೆ ಉಳಿದದ್ದು ಅಂಚು ಮಾತ್ರ.

ಮೃಗಗಳನ್ನು ಕೊಲ್ಲಿಸಿದ ಆಡಳಿತವೇ ಮೃಗಗಳ ಹೆಸರಿನಲ್ಲಿ ಜನರನ್ನು ಹೊರದಬ್ಬಿದ್ದು ಈ ಇತಿಹಾಸದ ಅತ್ಯಂತ ಕಹಿ ಅಧ್ಯಾಯ. 1933ರಲ್ಲಿ ನಿಯಂತ್ರಿತ ಬೇಟೆಯ ಪ್ರದೇಶ, 1963ರಲ್ಲಿ ಮೃಗ ಸಂರಕ್ಷಣಾ ತಾಣ, 1983ರಲ್ಲಿ ಮಿಲ್ಟನ್ ಒಬೋಟೆ ಆಡಳಿತದಲ್ಲಿ ರಾಷ್ಟ್ರೀಯ ಉದ್ಯಾನ. ಹೀಗೆ ಹೆಸರು ಬದಲಾದಂತೆ ನಿಯಮವೂ ಬಿಗಿಯಾಯಿತು. ಉದ್ಯಾನ ಘೋಷಣೆಯಾದಾಗ ಸಾವಿರಾರು ಮಂದಿಯನ್ನು ಪರಿಹಾರವಾಗಲಿ, ಬದಲಿ ನೆಲೆಯಾಗಲಿ ಕೊಡದೆ ಒಕ್ಕಲೆಬ್ಬಿಸಲಾಯಿತು. ಆಗ ಯೊವೆರಿ ಮುಸೆವೆನಿಯ ಬಂಡಾಯ ನಡೆಯುತ್ತಿತ್ತು. ಹಿಮಾಗಳು ಬಂಡುಕೋರರ ಪರ ಎಂಬ ಶಂಕೆಯೂ ಈ ನಿರ್ಧಾರದ ಹಿಂದಿತ್ತೆಂದು ಹೇಳುವವರಿದ್ದಾರೆ. ಅದು ಪ್ರಾಣಿಪ್ರೇಮವೇ ಆಗಿದ್ದರೆ ಅಷ್ಟು ಅವಸರ ಬೇಕಿರಲಿಲ್ಲವೆಂದು ನಮಗನಿಸುತ್ತದೆ.

1985ರಲ್ಲಿ ಒಬೋಟೆ ಪದಚ್ಯುತನಾದ. ಹೊರಹಾಕಲ್ಪಟ್ಟವರು ಮಂದೆಗಳೊಂದಿಗೆ ಮರಳಿ ಬಂದರು. ಕಟ್ಟಡಗಳನ್ನು ಕೆಡವಿದರು, ಸಿಬ್ಬಂದಿಯನ್ನು ಓಡಿಸಿದರು, ಕಾಡುಪ್ರಾಣಿಗಳನ್ನು ಮನಸೋ ಇಚ್ಛೆ ಕೊಂದರು. ಮತ್ತೆ ಉದ್ಯಾನವಾಗದಿರಲು ಪ್ರಾಣಿಗಳೇ ಇರಬಾರದು ಎಂಬುದು ಅವರ ಲೆಕ್ಕಾಚಾರ. ಅದನ್ನು ನಾವು ಒಪ್ಪಬೇಕಿಲ್ಲ, ಆದರೆ ಅರ್ಥವಾಗದ ಮಾತೇನಲ್ಲ. ಮರುವರ್ಷ ಅಧಿಕಾರಕ್ಕೆ ಬಂದ ಮುಸೆವೆನಿ ಇದೇ ಅಂಕೋಲೆಯ ದನಗಾಹಿ ಕುಟುಂಬದವರು. 1983ರ ಉದ್ಯಾನದ ಅರ್ಧಕ್ಕೂ ಹೆಚ್ಚು ಭಾಗವನ್ನು ಅವರ ಸರಕಾರ ಜನರಿಗೆ ಬಿಟ್ಟುಕೊಟ್ಟಿತು.

ಆ ಬಳಿಕ ಧೋರಣೆ ತುಸು ಬದಲಾಗಿದೆ. 1996ರ ಕಾನೂನು ಪ್ರವೇಶ ಶುಲ್ಕದಲ್ಲಿ ಶೇ. 20ನ್ನು ಸುತ್ತಲಿನ ಸಮುದಾಯಗಳಿಗೆ ಮೀಸಲಿಟ್ಟಿತು. ಸುಂಕದ ಹಣ ಶಾಲೆಗೋ ಆಸ್ಪತ್ರೆಗೋ ಸಂದರೆ ಒಳ್ಳೆಯದೇ. ಆದರೆ ಜೀಬ್ರಾ ತನ್ನ ಹುಲ್ಲು ತಿಂದದ್ದಕ್ಕೆ ದನಗಾಹಿಗೆ ಅದರಿಂದ ನೇರವಾಗಿ ಸಿಗುವುದೇನು?

ಈಗ ಉದ್ಯಾನದೊಳಗೆ ಮತ್ತೊಂದು ಸಮಸ್ಯೆ. ದನಗಳೂ ಇಲ್ಲ, ಆನೆಗಳೂ ಇಲ್ಲ, ಹೀಗಾಗಿ ಬಯಲನ್ನು ಜಾಲಿಯ ಜಾತಿಯ ಮುಳ್ಳುಮರಗಳು ಆವರಿಸತೊಡಗಿದವು. ಅವುಗಳ ಎಲೆ ಮೇಯಲೆಂದು 2015ರಲ್ಲಿ ಮರ್ಚಿಸನ್ ಜಲಪಾತದ ಉದ್ಯಾನದಿಂದ ಜಿರಾಫೆಗಳನ್ನು ತಂದು ಬಿಡಲಾಯಿತು. ಹುಲ್ಲು ಅರಸುವ ಜೀಬ್ರಾಗಳು ಮಾತ್ರ ಗಡಿ ದಾಟಿ ರಾಂಚುಗಳಿಗೆ ಹೋಗುತ್ತವೆ. ಅಲ್ಲಿ ಅವು ಉದ್ದ ಕೊಂಬಿನ ದನಗಳ ಪಕ್ಕದಲ್ಲೇ ಮೇಯುತ್ತವೆ.