ಮನೆ ಮಾರಿದ ದೊರೆ

ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ಗದ್ದೆಯಿರುವವರ ಮನೆಗೆ ಹೋದರೆ ದೇವರ ಪಟಗಳ ಸಾಲಿನಲ್ಲೇ ಒಬ್ಬ ಬಿಳಿಯ ದೊರೆಯ ಪಟ ಕಾಣಸಿಗುತ್ತದೆ. ಕೋಟು, ದಪ್ಪ ಮೀಸೆ, ಗಾಜಿನ ಮೇಲೆ ನಮ್ಮವರು ಹಚ್ಚಿದ ಕುಂಕುಮ. ಅವರು ಜಾನ್ ಪೆನ್ನಿಕುಕ್, ಮುಲ್ಲಪೆರಿಯಾರ್ ಅಣೆಕಟ್ಟಿನ ಎಂಜಿನಿಯರ್. 1841ರ ಜನವರಿ 15ರಂದು ಪುಣೆಯಲ್ಲಿ ಹುಟ್ಟಿದವರು. ಹುಟ್ಟುಹಬ್ಬ ಸಂಕ್ರಾಂತಿಯ ಹೊತ್ತಿಗೇ ಬರುವುದರಿಂದ ಪಾಲಾರ್‌ಪಟ್ಟಿಯಂಥ ಊರುಗಳಲ್ಲಿ ಅವರ ಹೆಸರು ಹೇಳಿಯೇ ಪೊಂಗಲ್ ಉಕ್ಕಿಸುತ್ತಾರೆ. ಮಕ್ಕಳಿಗೆ ಅವರ ಹೆಸರಿಟ್ಟವರೂ ಇದ್ದಾರೆ.

ನಾವು ಕಂಬಂನ ಕಾಪ್ಪಿಲಿಯರು. ತುಂಗಭದ್ರೆಯ ದಡ ಬಿಟ್ಟು ಬಂದವರೆಂಬುದು ಹಿರಿಯರ ಮಾತು. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು. ನಂದಗೋಪಾಲಸ್ವಾಮಿ ಗುಡಿಯ ದೇವರ ಆವುಗಳ ಮಂದೆ ನಮ್ಮ ಕುಲದ ಹೆಮ್ಮೆ. ಮಾಟ್ಟು ಪೊಂಗಲ್ ದಿನ ಇಡೀ ಕಣಿವೆಯೇ ಅಲ್ಲಿಗೆ ಬರುತ್ತದೆ. ಪೆನ್ನಿಕುಕ್ ಕಥೆ ನನ್ನ ಕಿವಿಗೆ ಮೊದಲು ಬಿದ್ದದ್ದು ಅಜ್ಜಿಯ ಕನ್ನಡದಲ್ಲಿ: ‘ಮನೆ ಮಾರಿ ಕಟ್ಟೆ ಕಟ್ಟಿಸ್ದ ದೊರೆ.’

1876ರಿಂದ 78ರವರೆಗಿನ ಬರ ಮದ್ರಾಸ್ ಸೀಮೆಯನ್ನು ಹಿಂಡಿಹಾಕಿತ್ತು. ಪಡುವಲಕ್ಕೆ ಹರಿದು ಸಮುದ್ರ ಸೇರುವ ಪೆರಿಯಾರ್ ನೀರನ್ನು ಬೆಟ್ಟ ಕೊರೆದು ಮೂಡಲಿಗೆ, ವೈಗೆ ಹೊಳೆಗೆ ತಿರುಗಿಸುವ ಆಲೋಚನೆ ಹಳೆಯದೇ. 1886ರ ಅಕ್ಟೋಬರ್ 29ರಂದು ತಿರುವಾಂಕೂರಿನೊಡನೆ 999 ವರ್ಷಗಳ ಗುತ್ತಿಗೆಯಾಯಿತು: 8,000 ಎಕರೆ, ಎಕರೆಗೆ 5 ರೂಪಾಯಿ. ಮರುವರ್ಷ ಕೆಲಸ ಶುರು. ನೀರು ತಡೆಯಲು ಹಾಕಿದ ತಾತ್ಕಾಲಿಕ ಒಡ್ಡುಗಳನ್ನು ಮಳೆಗಾಲದ ಪ್ರವಾಹ ಕೊಚ್ಚಿಕೊಂಡು ಹೋಯಿತು. ಮತ್ತೆ ಹಾಕಿದರು. ಕಾಡಾನೆ, ಚಳಿಜ್ವರ, ಕಾಲರಾ. ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲೇ ಕಟ್ಟೆ ಮೇಲೆದ್ದಿತು. 1895ರ ಅಕ್ಟೋಬರ್‌ನಲ್ಲಿ ಗವರ್ನರ್ ಲಾರ್ಡ್ ವೆನ್‌ಲಾಕ್ ನೀರು ಬಿಟ್ಟರು. ಇಂದು ನಮ್ಮ ಕಣಿವೆಯ 14,707 ಎಕರೆ ಎರಡು ಬೆಳೆ ತೆಗೆಯುವುದು ಆ ನೀರಿನಿಂದಲೇ.

ಜನರ ಕಥೆ ಬೇರೆ ದಾರಿ ಹಿಡಿಯುತ್ತದೆ. ಒಡ್ಡು ಒಡೆದಾಗ ಸರ್ಕಾರ ಕೈಚೆಲ್ಲಿತಂತೆ. ದೊರೆ ಇಂಗ್ಲೆಂಡಿಗೆ ಹೋಗಿ ಮನೆ ಮಾರಿ, ಹೆಂಡತಿಯ ಒಡವೆ ಮಾರಿ, ಆ ದುಡ್ಡಿನಲ್ಲಿ ಕಟ್ಟೆ ಮುಗಿಸಿದರಂತೆ. ಆದರೆ ಕಟ್ಟೆಗೆ ಹಣ ಕೊಟ್ಟದ್ದು ಮದ್ರಾಸ್ ಸರ್ಕಾರ. ಅಲ್ಲೇ ದುಡಿದ ಎಂಜಿನಿಯರ್ ಎ. ಟಿ. ಮೆಕೆಂಜಿ 1899ರಲ್ಲಿ ಯೋಜನೆಯ ಇತಿಹಾಸ ಬರೆದಿದ್ದಾರೆ. ಮನೆ ಮಾರಿದ್ದಕ್ಕೆ ದಾಖಲೆ ಸಿಕ್ಕಿಲ್ಲ.

ಮದುವೆಯಾಗಿ ಮಂಡ್ಯಕ್ಕೆ ಬಂದ ಮೇಲೆ ಅತ್ತೆಯ ಬಾಯಲ್ಲಿ ಇದೇ ಕಥೆ ಕೇಳಿದೆ. ಕನ್ನಂಬಾಡಿ ಕಟ್ಟೆಗೆ ಹಣ ಸಾಲದಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಅರಮನೆಯ ಒಡವೆ ಮಾರಿದರು ಅಂತ. ನೀರು ಕಂಡ ರೈತ ನೀರು ಕೊಟ್ಟವನಿಂದ ತ್ಯಾಗವನ್ನೂ ಬಯಸುತ್ತಾನೆ. ಕಾವೇರಿ ಬಯಲಾಗಲಿ, ವೈಗೆ ಬಯಲಾಗಲಿ, ಅಧಿಕಾರದಲ್ಲಿದ್ದವನು ಪಡೆದದ್ದಕ್ಕಿಂತ ಕಳೆದುಕೊಂಡದ್ದನ್ನು ಜನ ನೆನಪಿಟ್ಟುಕೊಳ್ಳುತ್ತಾರೆ.

ಆ ಕಥೆ ಕೆಲಸವನ್ನೂ ಮಾಡುತ್ತದೆ. ಕಾಲುವೆ ಹೂಳೆತ್ತುವ ವಿಚಾರಕ್ಕೆ ನಮ್ಮೂರಲ್ಲಿ ಸೇರಿದ್ದ ಸಭೆಯಲ್ಲಿ ಗುತ್ತಿಗೆದಾರನೊಬ್ಬ ಲೆಕ್ಕ ಒಪ್ಪಿಸಲು ತಡವರಿಸುತ್ತಿದ್ದ. ಹಿಂದಿನಿಂದ ಮುದುಕರೊಬ್ಬರು ಎದ್ದು, ‘ಆ ದೊರೆ ಮನೆ ಮಾರಿದ, ನೀನು ಮನೆ ಕಟ್ಟಿಸ್ತಾ ಇದ್ದೀಯ’ ಅಂದರು. ಅವನು ತಲೆ ಎತ್ತಲಿಲ್ಲ. ವಾರದೊಳಗೆ ಯಂತ್ರ ಕಾಲುವೆಗಿಳಿಯಿತು. ನೂರು ವರ್ಷದ ಹಿಂದೆ ಸತ್ತವನ ಹೆಸರಿಗೆ ಇಷ್ಟು ಬಲವಿರುವುದು ಸಣ್ಣ ಮಾತಲ್ಲ.

ಬದುಕಿದ್ದವರ ಪ್ರಭಾವವನ್ನೂ ಕಂಡಿದ್ದೇವೆ. ಎಂಜಿಆರ್ ಪರದೆಯ ಮೇಲೆ ಸೇದುವುದಿಲ್ಲ, ಕುಡಿಯುವುದಿಲ್ಲ ಎಂದು ನಮ್ಮ ಬೀದಿಯ ಹುಡುಗರು ಬೀಡಿ ಬಿಟ್ಟಿದ್ದರು. ಅವರ ಪಕ್ಷ ಮೊದಲು ಗೆದ್ದದ್ದೇ 1973ರಲ್ಲಿ, ಪಕ್ಕದ ದಿಂಡುಕ್ಕಲ್‌ನಲ್ಲಿ. 1984ರಲ್ಲಿ ಅವರು ಅಮೆರಿಕದ ಆಸ್ಪತ್ರೆಯಲ್ಲಿ ಮಲಗಿದ್ದರೂ ನಮ್ಮ ಆಂಡಿಪಟ್ಟಿ ಅವರನ್ನು ಗೆಲ್ಲಿಸಿತು. ಅದೇ ಎಂಜಿಆರ್ ಸರ್ಕಾರ 1983ರಲ್ಲಿ ಮದ್ಯ ಮಾರಲು ಟಾಸ್ಮಾಕ್ ತೆರೆಯಿತು. 2003ರಲ್ಲಿ ಚಿಲ್ಲರೆ ಅಂಗಡಿಗಳೂ ಅದರ ಕೈಗೆ ಬಂದಾಗ ಮುಖ್ಯಮಂತ್ರಿಯಾಗಿದ್ದವರು ಆಂಡಿಪಟ್ಟಿಯ ಶಾಸಕಿ ಜಯಲಲಿತಾ. ಸಿನಿಮಾ ನೋಡಿ ಬೀಡಿ ಬಿಟ್ಟವರಲ್ಲಿ ಕೆಲವರು ಆ ಅಂಗಡಿಗಳ ಮುಂದೆ ನಿಂತದ್ದನ್ನು ನೋಡಿದ್ದೇನೆ. ನಾಯಕ ತಾನು ಮುಟ್ಟದೆ ಇರುವುದು ಒಂದು, ಸರ್ಕಾರದ ಬೊಕ್ಕಸಕ್ಕೆ ಅದನ್ನೇ ಮಾರುವುದು ಇನ್ನೊಂದು. ಜನ ಎರಡನ್ನೂ ಕಲಿಯುತ್ತಾರೆ.

ಪೆನ್ನಿಕುಕ್ ಕಥೆಯಲ್ಲಿ ನನಗೆ ನೋವಾಗುವುದೊಂದಿದೆ. ಮನೆ ಮಾರಿದವನೇ ದೊಡ್ಡವನೆಂದಾದಾಗ, ಸಂಬಳಕ್ಕೆ ಸರಿಯಾಗಿ ದುಡಿದು, ಒಡ್ಡು ಒಡೆದಾಗ ಮತ್ತೆ ಅದೇ ಹೊಳೆಗಿಳಿದ ಅಧಿಕಾರಿ ನಮಗೆ ಸಾಲದೆ ಹೋಗುತ್ತಾನೆ. ನಿಜವಾದ ಪೆನ್ನಿಕುಕ್ ಆ ಅಧಿಕಾರಿಯೇ. ಮನೆ ಮಾರದೆಯೂ ಅವರು ಪೂಜೆಗೆ ಯೋಗ್ಯರು.

ಆ ಕಥೆಯೊಳಗೆ ಕೂಲಿಯವರೂ ಇಲ್ಲ. ಕಟ್ಟೆಯ ಬಡಗಣಕ್ಕೆ, ಈಗ ಕೇರಳದ ಹುಲಿ ಕಾಡಿನೊಳಗಿರುವ ಸ್ಮಶಾನದಲ್ಲಿ, ಕೆಲಸದ ಕಾಲದಲ್ಲಿ ರೋಗದಿಂದ ಸತ್ತ 483 ಜನರನ್ನು ಹೂಳಿದ್ದಾರೆ. ಲೋಯರ್ ಕ್ಯಾಂಪ್‌ನಲ್ಲಿ 2013ರ ಜನವರಿ 15ರಂದು ಜಯಲಲಿತಾ ಉದ್ಘಾಟಿಸಿದ ಪೆನ್ನಿಕುಕ್ ಮಣಿಮಂಟಪಕ್ಕೆ ಶಾಲೆಯ ಮಕ್ಕಳು ಬಸ್ಸುಗಟ್ಟಲೆ ಬರುತ್ತಾರೆ. ಊರಿಗೆ ಹೋದಾಗ ನಾನೂ ಅಣ್ಣನ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಈಗ ಒಡವೆಯ ಮಾತು ಬಿಟ್ಟು, ಸುಣ್ಣ ಅರೆದವರು ಯಾರು, ಬೆಟ್ಟದೊಳಗೆ ಸುರಂಗ ಕೊರೆದವರು ಯಾರು, ಒಡ್ಡು ಒಡೆದ ಮರುದಿನ ಕೆಲಸಕ್ಕೆ ಬಂದವರು ಯಾರು ಎಂಬುದರಿಂದಲೇ ಕಥೆ ಶುರುಮಾಡುತ್ತೇನೆ.