ವಿಕೆಟ್ಟಿಗೆ ಬೇಕಾದವರು, ಪಂಕ್ತಿಗೆ ಬೇಡವಾದವರು

ಭಾನುವಾರ ಬೆಳಗಾಯಿತೆಂದರೆ ನಮ್ಮ ಸಯನ್ನಿನ ಗಲ್ಲಿಗಳಲ್ಲಿ ಮಕ್ಕಳ ಕ್ರಿಕೆಟ್ಟಿನ ಗದ್ದಲ. ಚೆಂಡು ಎಸೆಯುವ ಹುಡುಗನ ಜಾತಿ ಯಾವುದೆಂದು ಆ ಮಕ್ಕಳು ಕೇಳುವುದಿಲ್ಲ. ಆದರೆ ನೂರು ವರ್ಷಗಳಿಗೂ ಹಿಂದೆ, ಇದೇ ಮುಂಬಯಿಯಲ್ಲಿ, ದೇಶದ ಅಗ್ರಗಣ್ಯ ಬೌಲರರೊಬ್ಬರು ಎದುರು ತಂಡಕ್ಕಿಂತ ಹೆಚ್ಚಾಗಿ ತಮ್ಮ ತಂಡದ ಜಾತಿಭೇದದೊಡನೆ ಹೋರಾಡಬೇಕಾಗಿತ್ತು. ಅವರ ಹೆಸರು ಪಾಲವಣಕರ ಬಾಳೂ. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1876ರ ಸುಮಾರಿಗೆ.

ಮನೆತನ ಮೂಲತಃ ಕೊಂಕಣದ್ದು. ಅಸ್ಪೃಶ್ಯವೆಂದು ದೂರವಿಡಲಾಗಿದ್ದ ಚರ್ಮಕಾರ ಸಮುದಾಯ. ತಂದೆ ಸೈನ್ಯದ ನೌಕರಿಯಲ್ಲಿದ್ದರು. ಬಾಳೂ ಬೆಳೆದದ್ದು ಪುಣೆಯಲ್ಲಿ. ಪಾರಸಿಗಳ ಕ್ಲಬ್ಬೊಂದರಲ್ಲಿ ಪಿಚ್ಚು ಗುಡಿಸಿ ರೋಲರ್ ಎಳೆಯುವ ಕೆಲಸಕ್ಕೆ ತಿಂಗಳಿಗೆ 3 ರೂಪಾಯಿ ಸಂಬಳ. 1892ರಲ್ಲಿ ಐರೋಪ್ಯರ ಪೂನಾ ಕ್ಲಬ್ಬಿಗೆ ಸೇರಿದಾಗ ಅದು 4 ರೂಪಾಯಿಯಾಯಿತು. ಅಲ್ಲಿ ಜೆ. ಜಿ. ಗ್ರೇಗ್ ಎಂಬ ಹೆಸರಾಂತ ಬ್ಯಾಟುಗಾರನಿಗೆ ಅವರು ಗಂಟೆಗಟ್ಟಲೆ ಎಡಗೈ ನಿಧಾನಗತಿಯ ಚೆಂಡು ಎಸೆದು ಪಳಗಿದರು. ಬ್ಯಾಟನ್ನು ಮಾತ್ರ ಅವರ ಕೈಗೆ ಯಾರೂ ಕೊಡಲಿಲ್ಲ.

ಆ ಎಡಗೈಯ ಸುದ್ದಿ ಹಬ್ಬಿದಾಗ ಪುಣೆಯ ಹಿಂದೂ ತಂಡಕ್ಕೂ ಬಾಳೂ ಬೇಕಾದರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹಾದ ಹೊತ್ತಿಗೆ ಮಾತ್ರ ಅವರಿಗೆ ಪೆವಿಲಿಯನ್ನಿನ ಹೊರಗೆ ಮಣ್ಣಿನ ಕುಡಿಕೆ. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. ಚೆಂಡಿಗೆ ಇಲ್ಲದ ಮೈಲಿಗೆ ಲೋಟಕ್ಕೆ ಎಲ್ಲಿಂದ ಬಂತು?

1896ರ ಸುಮಾರಿಗೆ ಅವರು ಮುಂಬಯಿಗೆ ಬಂದರು. ಇಲ್ಲಿಯ ಹಿಂದೂ ಜಿಮಖಾನಾದಲ್ಲೂ ಕೆಲವು ಸದಸ್ಯರು ಅವರ ಸೇರ್ಪಡೆಯನ್ನು ವಿರೋಧಿಸಿದರು. ಆದರೂ ಬಾಳೂ ಆಡಿದರು. 1906ರಲ್ಲಿ ಹಿಂದೂ ತಂಡ ಐರೋಪ್ಯರನ್ನು 109 ರನ್ನುಗಳಿಂದ ಸೋಲಿಸಿದಾಗ ಅವರ ಬೌಲಿಂಗೇ ಗೆಲುವಿಗೆ ದೊಡ್ಡ ಆಧಾರವಾಗಿತ್ತು. 1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋಯಿತು. ತಂಡ ಸೋತದ್ದೇ ಹೆಚ್ಚು. ಬಾಳೂ ಮಾತ್ರ ಆ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ಟುಗಳನ್ನು ಉರುಳಿಸಿದರು.

ಇಷ್ಟಾದರೂ ನಾಯಕತ್ವ ಅವರಿಗೆ ದೊರೆಯಲಿಲ್ಲ. 1913ರಲ್ಲಿ ನಾಯಕರಾದ ಎಂ. ಡಿ. ಪೈ ಅವರು, ಈ ಗೌರವ ನ್ಯಾಯವಾಗಿ ಹಿರಿಯರಾದ ಬಾಳೂ ಅವರಿಗೆ ಸಲ್ಲಬೇಕಿತ್ತು ಎಂದು ಬಹಿರಂಗವಾಗಿಯೇ ಹೇಳಿದರು. 1920ರಲ್ಲಿ ಬಾಳೂ ಅವರನ್ನು ತಂಡದಿಂದಲೇ ಕೈಬಿಟ್ಟಾಗ, ಅದೇ ತಂಡದಲ್ಲಿದ್ದ ತಮ್ಮಂದಿರಾದ ಶಿವರಾಮ ಮತ್ತು ವಿಠ್ಠಲ ಆಡಲು ನಿರಾಕರಿಸಿ ಹೊರಬಂದರು. ಪತ್ರಿಕೆಗಳಲ್ಲಿ ವಾದವಿವಾದ ಎದ್ದಿತು. ಕೊನೆಗೆ ಆಯ್ಕೆದಾರರು ಮಣಿದು, ಅಂತಿಮ ಪಂದ್ಯಕ್ಕೆ ಅವರನ್ನು ಉಪನಾಯಕರನ್ನಾಗಿ ಕರೆತಂದರು. ಪೈ ಅವರು ಸ್ವಲ್ಪ ಹೊತ್ತು ಮೈದಾನ ಬಿಟ್ಟಾಗ ತಂಡವನ್ನು ಬಾಳೂ ನಡೆಸಿದರು. ಅವರ ಪಾಲಿಗೆ ಬಂದ ನಾಯಕತ್ವ ಅಷ್ಟೇ. 1923ರಲ್ಲಿ ವಿಠ್ಠಲ ನಾಯಕರಾದರು, ಹಿಂದೂ ತಂಡ ಗೆದ್ದಿತು. ಅಣ್ಣನಿಗೆ ಮುಚ್ಚಿದ್ದ ಬಾಗಿಲು ತಮ್ಮನಿಗೆ ತೆರೆಯಿತು.

ರಾಜಕೀಯದಲ್ಲೂ ಅವರ ಹಾದಿ ಸುಲಭವಾಗಿರಲಿಲ್ಲ. 1932ರ ಪುಣೆ ಒಪ್ಪಂದಕ್ಕೆ ಅವರು ಸಹಿ ಹಾಕಿದರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ಡಾ. ಅಂಬೇಡ್ಕರರ ಎದುರು ನಿಂತು ಸೋತರು. ಆ ನಿಲುವನ್ನು ಎಲ್ಲರೂ ಒಪ್ಪಬೇಕೆಂದಿಲ್ಲ. ದಲಿತರ ಹಕ್ಕಿಗೆ ಯಾವ ಮಾರ್ಗ ಸರಿ ಎಂಬ ಚರ್ಚೆ ಆ ಸಮುದಾಯದೊಳಗೇ ಎಷ್ಟು ತೀವ್ರವಾಗಿತ್ತೆಂಬುದಕ್ಕೆ ಅದೊಂದು ಸಾಕ್ಷಿ. ಬಾಳೂ 1955ರಲ್ಲಿ ತೀರಿಕೊಂಡರು.

ಯಾರಾದರೂ ಹೆಸರು ಮಾಡಿದರೆಂದರೆ "ಇವರು ನಮ್ಮ ಕಡೆಯವರು" ಎಂದು ಹೆಮ್ಮೆಯಿಂದ ಹೇಳಿಕೊಳ್ಳುವುದು ಊರು ಬಿಟ್ಟು ಬಂದ ನಮ್ಮೆಲ್ಲರ ಸ್ವಭಾವ. ಧಾರವಾಡದಲ್ಲಿ ಹುಟ್ಟಿದ ಬಾಳೂ ಅವರನ್ನೂ ಧಾರಾಳವಾಗಿ ಹಾಗೆ ಹೇಳಿಕೊಳ್ಳೋಣ. ಆದರೆ ಅವರ ವಿಕೆಟ್ಟುಗಳನ್ನು ನಮ್ಮವೆನ್ನುವಾಗ ಆ ಮಣ್ಣಿನ ಕುಡಿಕೆಯೂ ನಮ್ಮದೇ ಎಂದು ಒಪ್ಪಿಕೊಳ್ಳಬೇಕು. ದಾದರಿನಲ್ಲಿ ಗಾಡಿ ಬದಲಿಸಿ ಮರೀನ್ ಲೈನ್ಸಿಗೆ ಹೋದಾಗ, ಸಮುದ್ರಕ್ಕೆದುರಾಗಿರುವ ಹಿಂದೂ ಜಿಮಖಾನಾವನ್ನು ಮಕ್ಕಳಿಗೆ ತೋರಿಸಿರಿ. ಕಥೆಯನ್ನು ಪೂರ್ತಿಯಾಗಿ ಹೇಳಿರಿ.